ಸಪ್ತಾಪುರದ ಓಣಿ ನಾಯಿಗಳು: ನಸುಕಿನ ಓಟ, ನಡುರಾತ್ರಿ ಓದೋ ರೂಮು, ಪಿಜಿ ಕಸ

ಓಣಿ ಗುಂಪು

ಧಾರವಾಡದ ಸಪ್ತಾಪುರ, ಜಯನಗರ, ಮಿಚಿಗನ್ ಕಂಪೌಂಡ್, ಶ್ರೀನಗರದ ಸುತ್ತ ಪಿಜಿ, ಕೋಚಿಂಗ್ ಕ್ಲಾಸು, ಖಾನಾವಳಿ, ಓದೋ ರೂಮು ಒಂದಕ್ಕೊಂದು ಅಂಟಿಕೊಂಡ ಅದಾವ. ಹಂಗಾಗಿ ಇಲ್ಲಿಯ ನಾಯಿ ಕಿರಿಕಿರಿಗೂ ಒಂದು ಟೈಮ್ ಟೇಬಲ್ ಐತಿ. ನಸುಕಿನ 5ಕ್ಕ ಪೊಲೀಸ್ ಭರ್ತಿಗೆ ತಯಾರಿ ಮಾಡೋ ಹುಡುಗ್ರು ಓಡಾಕ ಹೊಂಟ್ರ ಬೆನ್ನ ಹತ್ತತಾವ. ರಾತ್ರಿ 11-12ಕ್ಕ ಓದಿ ರೂಮಿಗೆ ನಡಕೊಂಡು ಬರೋರಿಗೆ ಗುಂಪುಗಟ್ಟಿ ಬೊಗಳತಾವ. ಮುಂಜಾನಿ 7ಕ್ಕ ನೋಡಿದ್ರ ಕಸದ ಚೀಲ ರಸ್ತೆ ತುಂಬ. ನಡುವ ಬೈಕಿನ ಸೀಟು, ಚಪ್ಪಲಿ, ಗಾಲಿಗೆ ಉಚ್ಚಿ.

ನಮ್ಮ ಓಣಿಯವರು ಬರಿಯೋ ಈ ಗುಂಪಿನ್ಯಾಗ ಬೈಗುಳ ಬ್ಯಾಡ. "ಎಲ್ಲಾ ನಾಯಿ ಹಿಡಕೊಂಡ ಹೋಗ್ರಿ" ಅನ್ನೂದೂ ಬ್ಯಾಡ. ಏನು ಮಾಡಿದ್ರ ಕಡಿಮಿ ಆಗತೈತಿ, ಎಷ್ಟು ಅಳತಿ, ಎಷ್ಟು ದಿನ, ಎಲ್ಲಿ ಕೈ ತಪ್ಪತೈತಿ, ಅಷ್ಟ ಬರೀರಿ.

ನಸುಕಿನ ಓಟ

ಓಟದವರಿಗೆ ಮೊದಲನೇ ಮಾತು: ನಾಯಿ ಓಡೋ ಮನಷ್ಯಾನ್ನ ಬೆನ್ನ ಹತ್ತೂದಿಲ್ಲ, ಓಟಾನ್ನ ಬೆನ್ನ ಹತ್ತತೈತಿ. ನಸುಕಿನ್ಯಾಗ ರಸ್ತೆ ಖಾಲಿ, ಇಡೀ ಓಣಿ ತನ್ನದು ಅಂತ ನಾಯಿಗೆ ಅನಿಸೋ ಹೊತ್ತದು. ಅದರಾಗ ಧಪ್ ಧಪ್ ಸಪ್ಪಳ ಮಾಡಕೋತ ಒಬ್ಬ ಬಂದ್ರ ಸುಮ್ನ ಕುಂದ್ರೂದಿಲ್ಲ.

ನಿಮ್ಮ ದಾರಿಯೊಳಗ ನಾಯಿ ಇರೋ ಜಾಗ ಖಾಯಂ ಇರತಾವ: ಖಾನಾವಳಿ ಹಿಂದಿನ ಮೂಲಿ, ಕಟ್ಟಡ ಕೆಲಸದ ಮರಳಿನ ಗುಡ್ಡಿ, ಟ್ರಾನ್ಸ್‌ಫಾರ್ಮರ್ ಕಟ್ಟಿ. ಆ ಜಾಗ ಬರೋ 40-50 ಮೀಟರ್ ಮೊದಲ ಓಟ ಬಿಟ್ಟು ನಡೀರಿ. ದಾಟಿದ ಮ್ಯಾಲೆ ಇನ್ನೂ 30 ಮೀಟರ್ ನಡೀರಿ, ಆಮ್ಯಾಲೆ ಓಡ್ರಿ. ಭಾಳ ಮಂದಿ ತಪ್ಪೂದು ಈ ಎರಡನೇದ್ರಾಗ. ನಾಯಿ ಹಿಂದ ಬಿತ್ತು ಅಂತ ತಿಳಕೊಂಡು ಕೂಡಲೇ ವೇಗ ಏರಸತಾರ, ಸುಮ್ನಿದ್ದದ್ದೂ ಎದ್ದು ಬರತೈತಿ.

ಎದುರ ಬಂದು ನಿಂತ್ರ ನಿಲ್ರಿ. ಕೈ ಕೆಳಗ, ಮುಷ್ಟಿ ಮಡಚಿ, ಕಣ್ಣಾಗ ಕಣ್ಣಿಟ್ಟು ನೋಡದ ಅದರ ಕಾಲ ಕಡೆ ನೋಡ್ರಿ. ಬೆನ್ನು ತಿರುವಬ್ಯಾಡ್ರಿ, ಅಡ್ಡ ನಿಂತು ಒಂದೊಂದ ಹೆಜ್ಜಿ ಸರೀರಿ. ಎರಡು-ಮೂರು ಇದ್ರ ಕಂಪೌಂಡ್ ಗ್ವಾಡಿಗೆ ಬೆನ್ನು ಹಚ್ರಿ, ಯಾಕಂದ್ರ ಕಡಿಯೂದು ಬಹುತೇಕ ಹಿಂದಿನಿಂದ, ಮೀನಖಂಡಕ್ಕ. ಕಲ್ಲು ಆರಿಸಿದಂಗ ಬಗ್ಗಿದ್ರ ನಮ್ಮ ಓಣಿ ನಾಯಿ ಹಿಂದ ಸರೀತಾವ, ಅದು ಖರೆ. ಆದ್ರ ಕಲ್ಲು ಒಗೀಬ್ಯಾಡ್ರಿ. ಇವತ್ತ ನೀವು ಹೊಡದ್ರ ನಾಳೆ ಅದ ಹೊತ್ತಿಗೆ, ಅದ ಬೂಟು ಹಾಕ್ಕೊಂಡು ಬರೋ ಇನ್ನೊಬ್ಬನ ಮ್ಯಾಲೆ ಅದು ಸಿಟ್ಟು ತೀರಸಕೊಂತೈತಿ.

ಇಯರ್‌ಫೋನ್ ಎರಡೂ ಕಿವಿಯಾಗ ಬ್ಯಾಡ. ಟಾರ್ಚ್ ನೆಲಕ್ಕ ಹಿಡೀರಿ, ನಾಯಿ ಕಣ್ಣಿಗಲ್ಲ. 1600 ಮೀಟರ್ ಟೈಮಿಂಗ್ ನೋಡೂದಿದ್ರ ಮೈದಾನದ ಟ್ರ್ಯಾಕಿನಾಗ ನೋಡ್ರಿ. ಮೈದಾನದ ತನಕ ನಡಕೊಂಡು ಹೋಗೂದ ವಾರ್ಮ್ ಅಪ್ ಅಂತ ಇಟಗೊಳ್ರಿ.

ಎರಡು ಗಾಲಿ

ಬೈಕಿನವರದೂ ಇದ ಲೆಕ್ಕ. ಬೆನ್ನ ಹತ್ತೂದು ಹೆಚ್ಚಾಗಿ 25-35 ವೇಗದಾಗ, ತಿರುವಿನ ಹತ್ರ. ಎಕ್ಸಲೇಟರ್ ತಿರುವಿದ್ರ ಬೆನ್ನಟ್ಟೋ ಆಟ ಇನ್ನೂ ರಂಗೇರತೈತಿ. ಕಾಲು ಎತ್ತಿ ಒದಿಯಾಕ ಹೋದ್ರ ತೂಕ ಒಂದ ಕಡೆ ಬಿದ್ದು ಜಾರಿ ಬೀಳ್ತೀರಿ. ನಾಯಿ ಕಡಿದು ಆದ ಗಾಯಕ್ಕಿಂತ ಬೈಕಿನಿಂದ ಬಿದ್ದು ಆದ ಗಾಯನ ದೊಡ್ಡದಿರತೈತಿ. ಮೊದಲನೇ ಗೇರಿಗೆ ಬಂದು ನಡಿಗಿ ವೇಗಕ್ಕ ಇಳಸ್ರಿ, ಬೇಕಾದ್ರ ಪೂರ್ತಿ ನಿಲ್ಲಸ್ರಿ. 10-15 ಸೆಕೆಂಡಿನ್ಯಾಗ ನಾಯಿ ಮೂಸಿ ಹೊಳ್ಳಿ ಹೋಗತೈತಿ. ಸೈಕಲ್ ಇದ್ರ ಇಳದು, ನಿಮಗೂ ನಾಯಿಗೂ ನಡುವ ಸೈಕಲ್ ಅಡ್ಡ ಹಿಡಕೊಂಡು ನಡೀರಿ.

ಮೇಲ್ಮನೆ

ಕುಂಕುಮ ಇಲ್ಲವೇ ನೀಲಿ ಕಲಸಿದ ನೀರಿನ ಬಾಟಲಿಯನ್ನು ಗೇಟಿಗೆ ಕಟ್ಟಿದರೆ ನಾಯಿ ಉಚ್ಚೆ ಹೊಯ್ಯುವುದಿಲ್ಲ ಎಂದು ನಮ್ಮ ಸಾಲಿನ ನಾಲ್ಕೂ ಮನೆಯವರು ಕಟ್ಟಿದ್ದಾರೆ. ಇದಕ್ಕೆ ಏನಾದರೂ ಆಧಾರ ಇದೆಯೇ? ಮತ್ತೊಬ್ಬರು ಗಾಲಿಯ ಸುತ್ತ ಖಾರದ ಪುಡಿ, ನುಸಿ ಗುಳಿಗೆ ಹಾಕಿ ಎನ್ನುತ್ತಾರೆ.

ಪಶುವೈದ್ಯೆ

ಬಾಟಲಿಯಿಂದ ಪ್ರಯೋಜನವಿಲ್ಲ. ನಾಯಿಯ ಕಣ್ಣಿಗೆ ನೀಲಿ ಮತ್ತು ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಮಾತ್ರ ಮಬ್ಬು ಕಂದಿನ ಹಾಗೆ ಕಾಣುತ್ತದೆ. ಕುಂಕುಮದ ನೀರು ಅದಕ್ಕೆ ಕೆಸರು ನೀರಿದ್ದಂತೆ. ನೀಲಿ ಬಾಟಲಿ ಕಂಡರೂ ಅದಕ್ಕೆ ಹೆದರಲು ಕಾರಣವಿಲ್ಲ. ಹೊಸದಾಗಿ ಕಟ್ಟಿದಾಗ ಗಾಳಿಗೆ ಅಲುಗಾಡುವುದನ್ನು ನೋಡಿ ಎರಡು ದಿನ ದೂರ ಇರಬಹುದು, ಅಷ್ಟೇ.

ಖಾರದ ಪುಡಿ ಮೂಗು ಕಣ್ಣು ಸುಡುತ್ತದೆ. ಗಾಳಿ ಬೀಸಿದರೆ ಮೊದಲು ಉರಿಯುವುದು ಬೈಕ್ ತೆಗೆಯುವವರ ಕಣ್ಣು. ನುಸಿ ಗುಳಿಗೆ ನಾಯಿ, ಬೆಕ್ಕು, ಮಗು ಯಾರ ಬಾಯಿಗೆ ಹೋದರೂ ವಿಷ. ಅದನ್ನು ಇಂದೇ ತೆಗೆದುಬಿಡಿ.

ನಾಯಿ ಗಾಲಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಊರೆಲ್ಲ ಸುತ್ತಿ ಬಂದ ಗಾಲಿಯಲ್ಲಿ ಬೇರೆ ಓಣಿಯ ನಾಯಿಗಳ ವಾಸನೆ ಇರುತ್ತದೆ. ಅದರ ಮೇಲೆ ತನ್ನ ಗುರುತು ಹಾಕದೆ ಗಂಡುನಾಯಿಗೆ ಸಮಾಧಾನವಿಲ್ಲ. ಒಮ್ಮೆ ಹೊಯ್ದ ಜಾಗಕ್ಕೆ ಇನ್ನೊಂದು ಬಂದು ಹೊಯ್ಯುತ್ತದೆ. ಆದ್ದರಿಂದ ವಾಸನೆಯ ಸರಣಿ ಕಡಿಯಬೇಕು. ಮೊದಲು ಬರೀ ನೀರಿನಿಂದ ತೊಳೆಯಿರಿ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಗಾಲಿಗೆ, ಗೇಟಿನ ಬುಡಕ್ಕೆ ಹಾಕಿ 10 ನಿಮಿಷ ಬಿಟ್ಟು ಮತ್ತೆ ನೀರು ಹಾಕಿ. ಒಂದು ವಾರ ದಿನಾ ಮಾಡಿ, ನಂತರ ವಾರಕ್ಕೆ ಎರಡು ಸಲ ಸಾಕು. ಅಮೋನಿಯ ಇರುವ ಕ್ಲೀನರ್ ಹಾಕಿದರೆ ಅದೇ ಉಚ್ಚೆಯ ವಾಸನೆಯ ಹಾಗಿದ್ದು ಮತ್ತೆ ಕರೆದಂತಾಗುತ್ತದೆ. ಕಪ್ಪು ಫಿನೈಲ್ ಬೇಡ. ಅದರ ಮೇಲೆ ನಡೆದ ಪ್ರಾಣಿ ಪಾದ ನೆಕ್ಕುತ್ತದೆ, ಬೆಕ್ಕಿಗಂತೂ ಅದು ಬಹಳ ಅಪಾಯ. ರಾತ್ರಿ ಗಾಲಿಗೆ ಒಂದು ಹಳೆಯ ಪ್ಲೈವುಡ್ ಹಲಗೆ ಒರಗಿಸಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಗಂಡುನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಆದರೆ ಈ ಗುರುತು ಹಾಕುವ ಚಟವೂ ಸಾಕಷ್ಟು ಇಳಿಯುತ್ತದೆ.

ಪಿಜಿ ನಡಸೋರು

ಸೀಟಿನ ಬಗ್ಗೆ ನಾನ್ ಹೇಳ್ತೀನಿ. ಸೀಟು ಹರಿಯೂದಕ್ಕ ಎರಡ ಕಾರಣ. ಒಂದು, ಡಿಕ್ಕಿಯೊಳಗ ಪಾರ್ಸಲ್ ಡಬ್ಬಿ, ಎಗ್ ರೈಸ್ ವಾಸನಿ. ಇನ್ನೊಂದು, ಧಾರವಾಡದ ಜಿಟಿಜಿಟಿ ಮಳಿ. ಜೂನ್‌ದಿಂದ ಸೆಪ್ಟೆಂಬರ್ ತನಕ ನೆಲ ಹಸಿ ಇರತೈತಿ, ನಾಯಿಗೆ ಒಣಗಿದ ಎತ್ತರದ ಜಾಗ ಬೇಕು, ಸೀಟ್ ಏರಿ ಮಲಗತೈತಿ. ಇಳಿಯುವಾಗ, ಏರುವಾಗ ಉಗುರು ತಾಗಿ ರೆಕ್ಸಿನ್ ಸೀಳತೈತಿ. ಒಂದ ಸಲ ಫೋಮ್ ಹೊರಗ ಕಂಡ್ರ ಕುನ್ನಿಗಳು ಅದನ್ನ ಕಿತ್ತ ಕಿತ್ತ ಆಡತಾವ. ಅದಕ್ಕ ಸಣ್ಣ ಸೀಳು ಇದ್ದಾಗ ಟೇಪ್ ಹಚ್ಚಿ ಮುಚ್ರಿ, ಕಾಯಬ್ಯಾಡ್ರಿ.

ಪಾರ್ಕಿಂಗಿನ ಒಣಾ ಮೂಲ್ಯಾಗ ಇಟ್ಟಂಗಿ ಮ್ಯಾಲೆ ಹಲಗಿ ಇಟ್ಟು, ನೆಲದಿಂದ 4-5 ಇಂಚು ಮ್ಯಾಲೆ, ಎರಡು ಗೋಣಿ ಚೀಲ ಹಾಸ್ರಿ. ಸೀಟಿಗಿಂತ ಅದು ಆರಾಮ ಅಂತ ನಾಲ್ಕೈದು ದಿನದಾಗ ನಾಯಿ ತಾನ ಕಲೀತೈತಿ. ಚೀಲ 15 ದಿನಕ್ಕೊಮ್ಮೆ ಬದಲಸ್ರಿ, ಇಲ್ಲಾಂದ್ರ ಉಣ್ಣಿ ತುಂಬತಾವ. ಬೈಕ್ ಕವರ್ ಹಾಕಿದ್ರ ಕೆಳಗಿನ ದಾರ ಬಿಗೀರಿ, ಗಾಳಿಗೆ ಪಟಪಟ ಅನ್ನೋ ಕವರ್ ಎಳದಾಡೂದು ಕುನ್ನಿಗೆ ಹಬ್ಬ.

ಚಪ್ಪಲಿ ಒಯ್ಯೋದು ಬಹಳಷ್ಟು 3 ರಿಂದ 6 ತಿಂಗಳ ಕುನ್ನಿ, ಹಲ್ಲು ಬರೋ ಟೈಮ್. ಬೆವರು, ಚರ್ಮದ ವಾಸನಿ ಅದಕ್ಕ ಬೇಕು. ಬಾಗಲಾ ಇರೋ ರ‍್ಯಾಕ್ ಇಡ್ರಿ, ಇಲ್ಲಾ ಮೂರು ಫೂಟ್ ಮ್ಯಾಲೆ ಹಲಗಿ ಹೊಡೀರಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಸೀಳಿ ಜಡಿ ಹೆಣದು ಗಂಟು ಹಾಕಿ ಒಗದ್ರ ಆ ಕುನ್ನಿ ಅದನ್ನ ಕಡಕೋತ ಕುಂಡ್ರತೈತಿ.

ಖಾನಾವಳಿ ಅಕ್ಕ

ಎಲ್ಲಾರೂ ನಾಯಿ ಬಗ್ಗೆ ಬರದೀರಿ, ನಾನು ಕಸದ ಬಗ್ಗೆ ಬರೀತೀನಿ. ನಾಯಿ ಎಲ್ಲಿ ಇರಬೇಕು ಅನ್ನೂದನ್ನ ತೀರ್ಮಾನ ಮಾಡೂದು ನಮ್ಮ ಮುಸುರಿ ಬಕೀಟು.

40 ಮಂದಿ ಉಣ್ಣೋ ಕಡೆ 60 ಲೀಟರಿನ ಎರಡು ಮುಚ್ಚಳದ ಡ್ರಮ್ ಬೇಕು, ಒಂದು ಹಸಿ, ಒಂದು ಒಣ. ಬರೀ ಮುಚ್ಚಳ ಸಾಕಾಗೂದಿಲ್ಲ, ನಾಯಿ ಮೂಗಿಲೆ ಎತ್ತತೈತಿ. ಹಳೇ ಸೈಕಲ್ ಟ್ಯೂಬ್ ಉದ್ದಕ ಸೀಳಿ, ಒಂದು ಹಿಡಿಕಿಯಿಂದ ಮುಚ್ಚಳದ ಮ್ಯಾಲಿಂದ ಇನ್ನೊಂದು ಹಿಡಿಕಿಗೆ ಬಿಗೀರಿ. ಡ್ರಮ್ ಉರುಳಬಾರದಂದ್ರ ಗ್ವಾಡಿಗೆ ಕೊಂಡಿ ಹೊಡದು ಸರಪಳಿ ಹಾಕ್ರಿ.

ಸಾರು, ಮಜ್ಜಿಗಿ, ಮುಸುರಿ ನೀರು ಕಸದ ಜೊತಿಗೆ ಹೋಗಬಾರದು. ತಳಕ್ಕ ತೂತು ಹೊಡದ ಬಕೀಟು ಒಂದು, ಅದರ ಕೆಳಗ ಇನ್ನೊಂದು ಬಕೀಟು. ರಾತ್ರಿ 10ಕ್ಕ ಮುಸುರಿ ಅದರಾಗ ಸುರುವಿದ್ರ ಮುಂಜಾನಿತನಕ ನೀರು ಇಳದಿರತೈತಿ, ವಾಸನಿ ಅರ್ಧಕ್ಕರ್ಧ ಕಡಿಮಿ. ಕೋಳಿ ಎಲುಬು ಬ್ಯಾರೆ. ಪೇಪರ್ನಾಗ ಸುತ್ತಿ, ಗಟ್ಟಿ ಡಬ್ಬ್ಯಾಗ ಹಾಕಿ ಒಳಗ ಇಟಗೊಳ್ರಿ, ಗಾಡಿ ಬಂದಾಗ ಕೊಡ್ರಿ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ನಾಯಿ ಗಂಟಲಾಗ, ಕರುಳಾಗ ಚುಚ್ಚತೈತಿ. "ಪಾಪ, ತಿನ್ನಲಿ" ಅಂತ ಅದನ್ನ ಒಗಿಯೂದು ಪುಣ್ಯದ ಕೆಲಸ ಅಲ್ಲ.

ಹುಡುಗ್ರ ರೂಮಿನ ಕಪ್ಪು ಕವರ್ ಗಂಟು ಹಾಕಿ ರಾತ್ರಿನ ಗೇಟಿನ ಮುಂದ ಇಡೂದು ಎಲ್ಲಕ್ಕಿಂತ ದೊಡ್ಡ ತಪ್ಪು. ಪಾಲಿಕೆ ಗಾಡಿ ಹಾಡು ಕೇಳಿದ ಮ್ಯಾಲೆ ತಗೊಂಡ ಬರ್ರಿ. ಕ್ಲಾಸಿಗೆ ಹೋಗೋ ಅವಸರ ಇದ್ರ ಗೇಟಿನ ಒಳಗ, 4 ಫೂಟ್ ಮ್ಯಾಲೆ ಕೊಂಡಿಗೆ ತೂಗು ಹಾಕ್ರಿ. ಡ್ರಮ್ಮು ವಾರಕ್ಕೆರಡು ಸಲ ತೊಳೀರಿ, 5 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪುಡಿ.

ಇಷ್ಟು ಮಾಡಿದ ಮ್ಯಾಲೆ ಮೊದಲ ವಾರ ನಾಯಿಗಳ ಹುಡುಕಾಟ ಜಾಸ್ತಿ ಆಗತೈತಿ. ಹೆದರಬ್ಯಾಡ್ರಿ. ಸಿಗೋ ಜಾಗದಾಗ ಸಿಗಲಿಲ್ಲ ಅಂತ ಅವು ಎಲ್ಲಾ ಗೇಟು ಮೂಸತಾವ. ಮೂರನೇ ವಾರಕ್ಕ ಕಡಿಮಿ ಆಗತೈತಿ. ಓಣಿಯೊಳಗ ಒಂದ ಪಿಜಿ ತಪ್ಪಿದ್ರ ಉಳದವರ ಶ್ರಮ ನೀರಾಗ ಹೋಮ.

ಅನ್ನ ಹಾಕುವವಳು

ಅಕ್ಕಾ, ನೀವು ಹೇಳಿದ್ದರಲ್ಲಿ ಒಂದು ಕೊಂಡಿ ಸೇರಿಸುತ್ತೇನೆ. ಕಸ ಮುಚ್ಚಿದರೆ ಸಾಲದು, ಅದೇ ಸಮಯಕ್ಕೆ ಒಂದು ಜಾಗದಲ್ಲಿ ಊಟ ಸಿಗಬೇಕು. ಇಲ್ಲದಿದ್ದರೆ ಹಸಿದ ನಾಯಿ ಪಾರ್ಸಲ್ ಕೈಯಲ್ಲಿ ಹಿಡಿದು ಬರುವವರ ಹಿಂದೆ ಬೀಳುತ್ತದೆ.

15 ಕೆಜಿ ತೂಗುವ ಓಣಿ ನಾಯಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಅನ್ನ, 100 ಗ್ರಾಂನಷ್ಟು ಬೇಯಿಸಿದ ಎಲುಬಿಲ್ಲದ ಕೋಳಿ ಇಲ್ಲವೇ ಎರಡು ಮೊಟ್ಟೆ ಸಾಕು. ಉಪ್ಪು, ಖಾರ, ಒಗ್ಗರಣೆ ಬೇಡ. ಮೆಸ್ಸಿನ ಮಿಕ್ಕಿದ ಪಲ್ಯ, ಸಾಂಬಾರಿನಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಬರೀ ಬಿಸ್ಕತ್ ಹಾಕುವುದು ವಿದ್ಯಾರ್ಥಿಗಳ ಅಭ್ಯಾಸ. ಅದು ಮೈದಾ ಮತ್ತು ಸಕ್ಕರೆ, ಹೊಟ್ಟೆ ತುಂಬುವುದಿಲ್ಲ. ಜತೆಗೆ ಬ್ಯಾಗಿನ ಜಿಪ್ ತೆಗೆಯುವ ಸದ್ದಾದರೆ ಸಾಕು ಎಗರುವ ಅಭ್ಯಾಸ ಬೆಳೆಯುತ್ತದೆ.

ಹೊತ್ತು ಒಂದೇ ಇರಲಿ, ಜಾಗ ಒಂದೇ ಇರಲಿ. ಹಳೆ ಪೇಪರ್ ಮೇಲೆ, ಒಂದೊಂದು ನಾಯಿಗೆ ಎರಡು ಮೀಟರ್ ಅಂತರ. 15-20 ನಿಮಿಷದಲ್ಲಿ ತಿಂದಿದ್ದು ತಿಂದಿತು, ಉಳಿದದ್ದನ್ನು ಎತ್ತಿ ಜಾಗ ತೊಳೆದು ಹೋಗಬೇಕು. ನೀರಿನ ತೊಟ್ಟಿಯನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ, ಇಲ್ಲವಾದರೆ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ.

ಮೇಲ್ಮನೆ

ತಪ್ಪು ತಿಳಿಯಬೇಡಿ, ಆದರೆ ನಮ್ಮ ಮೆಟ್ಟಿಲ ಬಳಿಯೇ ಯಾರೋ ಊಟ ಹಾಕುತ್ತಾರೆ. ಹಾಕಿದವರು ಹೋಗಿಬಿಡುತ್ತಾರೆ, ನಾಯಿಗಳು ಅಲ್ಲೇ ಕಾವಲು ಕೂರುತ್ತವೆ. ಕೊಳವೆ ನೀರು ಹಿಡಿಯಲು ಇಳಿದರೆ ಗುರ್ ಎನ್ನುತ್ತವೆ.

ಅನ್ನ ಹಾಕುವವಳು

ನಿಮ್ಮ ಮಾತು ನ್ಯಾಯವಾಗಿದೆ. ಮೆಟ್ಟಿಲು, ಕಟ್ಟಡದ ಬಾಗಿಲು, ಮಕ್ಕಳು ಆಡುವ ಜಾಗ ಇವುಗಳ ಬಳಿ ಹಾಕಬಾರದೆಂದು ನಿಯಮವೇ ಇದೆ. ತಾನು ಉಣ್ಣುವ ಜಾಗವನ್ನು ನಾಯಿ ಕಾಯುತ್ತದೆ, ಅದಕ್ಕೇ ಗುರ್ ಎನ್ನುವುದು. ಒಮ್ಮೆಲೇ ನಿಲ್ಲಿಸಿದರೆ ಅಲ್ಲೇ ಕೂತು ಕಾಯುತ್ತವೆ. ದಿನಕ್ಕೆ ಹತ್ತು ಹೆಜ್ಜೆಯಂತೆ ಊಟದ ಜಾಗ ಸರಿಸುತ್ತ ಹೋಗಿ. ಎರಡು ವಾರದಲ್ಲಿ ಓಣಿ ತುದಿಯ ಖಾಲಿ ಸೈಟಿನ ಅಂಚಿಗೆ ತಲುಪಿಸಬಹುದು. ಮೆಟ್ಟಿಲ ಬುಡವನ್ನು ವಿನೆಗರ್ ನೀರಿನಿಂದ ತೊಳೆಯುವುದನ್ನು ಮರೆಯಬೇಡಿ. ಮಧ್ಯೆ ಇನ್ನೊಬ್ಬರು ಹಳೆಯ ಜಾಗದಲ್ಲಿ ಒಂದು ದಿನ ಬಿಸ್ಕತ್ ಹಾಕಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಕಾನೂನು ಮೂರನೇ ವರ್ಷ

ನಿಯಮದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ 20ನೇ ನಿಯಮ ಊಟದ ಜಾಗ ಮತ್ತು ಹೊತ್ತಿನ ಬಗ್ಗೆ ಹೇಳುತ್ತದೆ: ಮೆಟ್ಟಿಲು, ಪ್ರವೇಶದ್ವಾರ, ಆಟದ ಜಾಗದಿಂದ ದೂರ, ಮಕ್ಕಳು, ಹಿರಿಯರು ಓಡಾಡದ ಹೊತ್ತು, ಹಾಕಿದವರೇ ಸ್ವಚ್ಛ ಮಾಡಬೇಕು. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ವಾರ್ಡಿಗೆ ಗೊತ್ತುಪಡಿಸಿದ ಊಟದ ಜಾಗ ಇರಬೇಕೆಂದಿತು. ಸಂತಾನಹರಣ, ಜಂತುನಾಶಕ, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬಿಸ್ ಇರುವ ಅಥವಾ ಶಂಕೆ ಇರುವ, ಆಕ್ರಮಣಕಾರಿ ನಾಯಿಗೆ ಮಾತ್ರ ವಿನಾಯಿತಿ ಎಂದೂ ಹೇಳಿತು.

2025ರ ನವೆಂಬರ್ 7ರ ಆದೇಶ ಬೇರೆ. ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ ಮತ್ತು ಡಿಪೊ, ರೈಲ್ವೆ ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಯನ್ನು ಆಶ್ರಯತಾಣಕ್ಕೆ ಸೇರಿಸಬೇಕು, ಅದೇ ಆವರಣಕ್ಕೆ ಮರಳಿ ಬಿಡುವಂತಿಲ್ಲ. ಆವರಣಕ್ಕೆ ಬೇಲಿ, ಗೋಡೆ, ಗೇಟು ಇರಬೇಕು. ನಮ್ಮ ಊರಿನಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಪಿಜಿ, ಓಣಿ, ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಕಾಲೇಜಿನ ಒಳಗಿನ ನಾಯಿಗೂ ಹೊರಗಿನ ಓಣಿಯ ನಾಯಿಗೂ ಅರ್ಜಿ ಬೇರೆಬೇರೆಯಾಗಿಯೇ ಬರೆಯಬೇಕು.

ವಿಷ ಹಾಕುವುದು, ಕೊಲ್ಲುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ 5 ವರ್ಷದವರೆಗೆ ಸೆರೆ ತರುವ ಅಪರಾಧ. ಸಾಕಿದ ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಇನ್ನೊಬ್ಬರಿಗೆ ಅಪಾಯವಾದರೆ 291ನೇ ಕಲಂ ಇದೆ. ಎರಡೂ ಕಡೆಯವರಿಗೆ ಕಾನೂನು ಇದೆ ಎಂಬುದು ನೆನಪಿರಲಿ.

ಪಶುವೈದ್ಯೆ

ಅರ್ಜಿಯ ಬಗ್ಗೆ. "ನಮ್ಮ ಓಣಿಯಲ್ಲಿ ನಾಯಿ ಕಾಟ" ಎಂದು ಬರೆದರೆ ಕೆಲಸ ಆಗುವುದಿಲ್ಲ. ಪಾಲಿಕೆಗೆ ಕೊಡುವ ಕಾಗದದಲ್ಲಿ ನಾಯಿಗಳ ಸಂಖ್ಯೆ, ಗಂಡೆಷ್ಟು ಹೆಣ್ಣೆಷ್ಟು, ಪ್ರತಿಯೊಂದರ ಬಣ್ಣ ಮತ್ತು ಫೋಟೊ, ಕಿವಿಯ ತುದಿ ಕತ್ತರಿಸಿದ ಗುರುತು ಇದೆಯೇ ಇಲ್ಲವೇ, ಯಾವ ಹೊತ್ತಿಗೆ ಯಾವ ಮೂಲೆಯಲ್ಲಿ ಸಿಗುತ್ತವೆ, ಊಟ ಹಾಕುವವರು ಯಾರು ಎಂಬುದಿರಲಿ. ಕಿವಿಯ ಗುರುತಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ, ಅದನ್ನು ಮತ್ತೆ ಹಿಡಿಸುವುದು ವ್ಯರ್ಥ. ಹಿಡಿಯುವವರು ಬರುವ ದಿನ ಊಟ ಹಾಕುವವರು ಜತೆಗಿದ್ದರೆ ಅರ್ಧ ಗಂಟೆಯ ಕೆಲಸ. ಅವರಿಲ್ಲದಿದ್ದರೆ ನಾಯಿಗಳು ಇಡೀ ಜಯನಗರ ಸುತ್ತಿಸುತ್ತವೆ. ಬಲೆ ಕಂಡ ನಾಯಿ ಮುಂದೆ ತಿಂಗಳುಗಟ್ಟಲೆ ಯಾರ ಹತ್ತಿರವೂ ಬರುವುದಿಲ್ಲ.

ಹತ್ತು ನಾಯಿಯಲ್ಲಿ ಮೂರಕ್ಕೆ ಮಾಡಿಸಿ ಸುಮ್ಮನಾದರೆ ಏನೂ ಬದಲಾಗದು. ಉಳಿದ ಹೆಣ್ಣುಗಳು ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಬೆದೆಗೆ ಬರುತ್ತವೆ. ಆಗಲೇ ರಾತ್ರಿಯಿಡೀ ಕಾದಾಟ, ಬೊಗಳಾಟ. ನಿಮ್ಮ ಪರೀಕ್ಷೆಯ ರಾತ್ರಿ ನಿದ್ದೆ ಕೆಡಿಸುವುದು ಬಹುಪಾಲು ಇದೇ. ಬೆದೆ ಎರಡು-ಮೂರು ವಾರ ಇರುತ್ತದೆ. ಕೂಡಿಕೊಂಡು ಸಿಕ್ಕಿಕೊಂಡ ನಾಯಿಗಳಿಗೆ ಕಲ್ಲು ಹೊಡೆಯುವುದು, ನೀರು ಎರಚುವುದು ಮಾಡಬೇಡಿ. ಅರ್ಧ ಗಂಟೆಯೊಳಗೆ ತಾವೇ ಬಿಡಿಸಿಕೊಳ್ಳುತ್ತವೆ, ಎಳೆದಾಡಿದರೆ ಗಾಯವಾಗುತ್ತದೆ.

ರೇಬಿಸ್ ಲಸಿಕೆಗೂ ಇದೇ ಲೆಕ್ಕ: ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆ ಆದರೆ ಹರಡುವಿಕೆ ಕಡಿಯುತ್ತದೆ.

ಆಸ್ಪತ್ರಿ ಸಿಸ್ಟರ್

ಇಷ್ಟೆಲ್ಲಾ ಬರದ್ರಿ, ಕಡದ ಮ್ಯಾಲೆ ಏನು ಮಾಡಬೇಕು ಅಂತ ಯಾರೂ ಬರೀಲಿಲ್ಲ. ಹುಡುಗ್ರು ದಯಮಾಡಿ ಪೂರ್ತಿ ಓದ್ರಿ.

ಮೊದಲ 15 ನಿಮಿಷ ಭಾಳ ಮುಖ್ಯ. ಹರಿಯೋ ನೀರು, ಮೈ ತೊಳಿಯೋ ಸಾಬಾಣ ಯಾವುದಾದ್ರೂ ನಡೀತದ. ಗಡಿಯಾರ ನೋಡಿ 15 ನಿಮಿಷ ತೊಳೀಬೇಕು, ನೀರು ಗಾಯದ ಆಳಕ್ಕ ಹೋಗಬೇಕು. ಮೂರು ನಿಮಿಷಕ್ಕ ಸಾಕು ಅನಸ್ತದ, ಸಾಕಾಗಂಗಿಲ್ಲ. ಆಮ್ಯಾಲೆ ನಂಜು ಆಗದಂಗ ಪೊವಿಡೋನ್ ಅಯೋಡಿನ್ ಹಚ್ರಿ. ಅರಿಷಿಣ, ಸುಣ್ಣ, ಖಾರದ ಪುಡಿ, ಎಣ್ಣಿ, ಯಾವುದೋ ಸೊಪ್ಪಿನ ರಸ ಹಚ್ಚಬ್ಯಾಡ್ರಿ. ಬಿಗಿಯಾಗಿ ಪಟ್ಟಿ ಕಟ್ಟಬ್ಯಾಡ್ರಿ. ಹೊಲಿಗಿ ಹಾಕ್ರಿ ಅಂತ ಡಾಕ್ಟರ್ ಮುಂದ ಹಟ ಹಿಡೀಬ್ಯಾಡ್ರಿ. ನಾಯಿ ಕಡದ ಗಾಯಕ್ಕ ಆದಷ್ಟು ಹೊಲಿಗಿ ತಡಾ ಮಾಡ್ತಾರ.

ರಕ್ತ ಬರದ ಸಣ್ಣ ಗೀರು, ಹಲ್ಲು ತಾಗಿ ಕೆರದ ಗುರುತು, ಅದಕ್ಕೂ ರೇಬಿಸ್ ಲಸಿಕೆ ಬೇಕು. ರಕ್ತ ಬಂದಿದ್ರ, ಅಥವಾ ಬಾಯಿ, ಕಣ್ಣು, ಒಡದ ಚರ್ಮಕ್ಕ ಜೊಲ್ಲು ತಾಗಿದ್ರ ಅದು ಮೂರನೇ ವರ್ಗ, ಅಂದ್ರ ಎಲ್ಲಕ್ಕಿಂತ ಗಂಭೀರ. ಲಸಿಕೆ ಜೊತಿಗೆ ಇಮ್ಯುನೋಗ್ಲಾಬ್ಯುಲಿನ್ (ರೇಬಿಸ್ ತಡಿಯೋ ಸಿದ್ಧ ಪ್ರತಿಕಾಯ) ಗಾಯದ ಒಳಗ, ಸುತ್ತ ಚುಚ್ಚತಾರ. ನೋವು ಆಗ್ತದ, ಬ್ಯಾಡ ಅನಬ್ಯಾಡ್ರಿ. ಲಸಿಕೆ ಕೆಲಸ ಶುರು ಮಾಡಾಕ ದಿನಾ ಬೇಕು, ಅಲ್ಲೀತನಕ ಕಾಯೂದು ಇದ. ಮೊದಲ ದಿನ ಸಿಗಲಿಲ್ಲಾಂದ್ರೂ ಮೊದಲ ಲಸಿಕೆಯಿಂದ 7 ದಿನದೊಳಗ ಕೊಡಬಹುದು.

ಚರ್ಮದೊಳಗ ಕೊಡೋ ಕ್ರಮಕ್ಕ 0, 3, 7, 28ನೇ ದಿನ. ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿ. ಸ್ನಾಯುವಿಗೆ ಕೊಡೋದಾದ್ರ 0, 3, 7, 14, 28. 0 ಅಂದ್ರ ಲಸಿಕೆ ಶುರು ಮಾಡಿದ ದಿನ, ಕಡದ ದಿನ ಅಲ್ಲ. ಆದ್ರ ಶುರು ಮಾಡೂದು ಅವತ್ತ ಆಗಬೇಕು. 28ನೇ ದಿನದ ಡೋಸ್ ತಪ್ಪೂದು ನಮ್ಮ ಊರಾಗ ಭಾಳ, ಪರೀಕ್ಷಾ ಮುಗದು ಊರಿಗೆ ಹೋಗಿರ್ತೀರಿ. ಚೀಟಿ ಜೋಪಾನ ಇಟಗೊಂಡು ನಿಮ್ಮ ತಾಲೂಕು ಆಸ್ಪತ್ರ್ಯಾಗ ಹಾಕಿಸಗೊಳ್ರಿ. ಹಿಂದ ಪೂರ್ತಿ ಕೋರ್ಸ್ ಆಗಿದ್ರ 0 ಮತ್ತು 3ನೇ ದಿನ ಎರಡ ಡೋಸ್ ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಕಾಗಿಲ್ಲ. ಅದಕ್ಕ ಹಳೇ ಚೀಟಿ ಫೋನಿನ್ಯಾಗ ಫೋಟೊ ತಗದು ಇಡ್ರಿ.

ನಾಯಿಯನ್ನ 10 ದಿನ ಗಮನಸ್ರಿ. ಆದ್ರ 10 ದಿನ ನೋಡಿ ಆಮ್ಯಾಲೆ ಲಸಿಕೆ ಅನ್ನೂದು ತಪ್ಪು, ಲಸಿಕೆ ಮೊದಲು. ಕಡದ ನಾಯಿಯನ್ನ ಕೊಂದ್ರ ಅದಕ್ಕ ರೋಗ ಐತೋ ಇಲ್ಲೋ ಗಮನಸಿ ತಿಳಕೊಳ್ಳೋ ದಾರಿನೂ ಹೋತು. ರೋಗದ ಲಕ್ಷಣ ಕಾಣಿಸಿದ ಮ್ಯಾಲೆ ಮನಷ್ಯಾನ್ನ ಉಳಿಸೋ ಔಷಧ ಇಲ್ಲ. ಸರ್ಕಾರಿ ಆಸ್ಪತ್ರ್ಯಾಗ ಲಸಿಕೆ ಪುಕ್ಕಟೆ ಅದ, ಮನಿಗೆ ಗೊತ್ತಾಗತದ ಅಂತ ಮುಚ್ಚಿಡಬ್ಯಾಡ್ರಿ ತಮ್ಮಾ.

ಮುಧೋಳ ಕಡೆಯವ

ಪಿಜಿಯೊಳಗ ಕುನ್ನಿ ಸಾಕೋರ ಬಗ್ಗೆ ಎರಡು ಮಾತು. ಹುಡುಗ್ರು ಕೂಡಿ ರೊಕ್ಕಾ ಹಾಕಿ ಮುಧೋಳ ಇಲ್ಲಾ ಹಸ್ಕಿ ತಳಿ ಕುನ್ನಿ ತರತಾರ. ಮುಧೋಳ ಬೇಟಿ ನಾಯಿ. ದಿನಾ ಬಯಲಾಗ ಒಂದು ತಾಸಿಗೆ ಕಡಿಮಿ ಇಲ್ಲದ ಓಡಬೇಕು. 10×10 ರೂಮಿನ್ಯಾಗ ಕಟ್ಟಿದ್ರ ಗಾದಿ ಹರೀತೈತಿ, ಬಾಗಲಾ ಕೆರೀತೈತಿ. ಅದು ನಾಯಿ ತಪ್ಪಲ್ಲ. ತೆಳು ಕೂದಲು, ಕೊಬ್ಬಿಲ್ಲದ ಮೈ, ಧಾರವಾಡದ ಮಳಿ ಚಳಿಗೆ ಬರೀ ಟೈಲ್ಸ್ ಮ್ಯಾಲೆ ಮಲಗಿಸಿದ್ರ ಮೊಳಕೈ ಹುಣ್ಣಾಗತೈತಿ. ಹಸ್ಕಿಗೆ ಉಲ್ಟಾ, ಬ್ಯಾಸಿಗಿ ತಡ್ಯಾಂಗಿಲ್ಲ.

ಕುನ್ನಿ ಉಚ್ಚಿ ತಡಿಯೋ ಲೆಕ್ಕ: ಎಷ್ಟು ತಿಂಗಳೋ ಅದಕ್ಕ ಒಂದು ತಾಸು ಕೂಡಸ್ರಿ. ಎರಡು ತಿಂಗಳ ಕುನ್ನಿ ಮೂರು ತಾಸು ತಡದ್ರ ಹೆಚ್ಚು. ಮುಂಜಾನಿ 9ರಿಂದ ಸಂಜಿ 5ರ ತನಕ ಕ್ಲಾಸಿನ್ಯಾಗ ಇರೋರು ಹೆಂಗ ಸಾಕತೀರಿ?

ಪಶುವೈದ್ಯೆ

ಇವರ ಮಾತಿಗೆ ನನ್ನದೂ ಸಹಿ. ತಂದೇ ಆಗಿದ್ದರೆ ಇಷ್ಟು ಮಾಡಿ: 6-8 ವಾರಕ್ಕೆ ಮೊದಲ ಸಂಯುಕ್ತ ಲಸಿಕೆ (ಹಲವು ರೋಗಕ್ಕೆ ಒಂದೇ ಚುಚ್ಚುಮದ್ದು), ನಂತರ 3-4 ವಾರಕ್ಕೊಮ್ಮೆ 16 ವಾರದವರೆಗೆ, 3 ತಿಂಗಳಿಗೆ ರೇಬಿಸ್, ಆಮೇಲೆ ವರ್ಷಕ್ಕೊಮ್ಮೆ. ಜಂತಿನ ಔಷಧ 12 ವಾರದವರೆಗೆ ಎರಡು ವಾರಕ್ಕೊಮ್ಮೆ, ನಂತರ 3 ತಿಂಗಳಿಗೊಮ್ಮೆ. ಲಸಿಕೆ ಮುಗಿಯುವ ಮುಂಚೆ ಓಣಿಯ ನೆಲದ ಮೇಲೆ ಬಿಡಬೇಡಿ. ಕುನ್ನಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ವಾಂತಿ, ರಕ್ತ ಬೆರೆತ ಭೇದಿ, ಊಟ ಬಿಡುವುದು ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ. ನೀವು ನುಂಗುವ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಕೊಡಬೇಡಿ.

ಉಣ್ಣಿಯ ವಿಷಯ: ಮೈಮೇಲಿನದನ್ನು ಕಿತ್ತರೆ ಮುಗಿಯದು. ಹೆಣ್ಣು ಉಣ್ಣಿ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು ಸಿಮೆಂಟಿನಿಂದ ಮುಚ್ಚಿ. ನಾಯಿಗೆ ತೂಕ ನೋಡಿ ವೈದ್ಯರು ಕೊಡುವ ಮಾತ್ರೆಯೇ ಸರಿ, ದನಕ್ಕೆ ಹಾಕುವ ಔಷಧದ ಅಂದಾಜು ಬೇಡ.

ಪಿಜಿ ನಡಸೋರು

ಬಾಡಿಗಿ ಪತ್ರದಾಗ ಒಂದು ಸಾಲು ಬರೀಸ್ರಿ: ನಾಯಿ ಯಾರ ಹೆಸರಿನ್ಯಾಗ, ದಸರಾ ಸೂಟಿ, ಸೆಮಿಸ್ಟರ್ ಸೂಟಿಗೆ ಯಾರ ಹತ್ರ, ರೂಮ್ ಬಿಟ್ಟಾಗ ಎಲ್ಲಿಗೆ. ಸೂಟಿ ಬಂತಂದ್ರ ಪಟ್ಟಿ ಬಿಚ್ಚಿ ಕೆಲಗೇರಿ ಕೆರಿ ಕಡೆ ಬಿಟ್ಟು ಬಸ್ಸು ಹತ್ತೂದು ನಿಲ್ಲಬೇಕು. ಮನ್ಯಾಗ ಬೆಳದ ನಾಯಿಗೆ ಓಣಿ ನಾಯಿ ಭಾಷಾ ಗೊತ್ತಿರೂದಿಲ್ಲ, ವಾರದೊಳಗ ಕಡಸಕೊಂಡು ಹುಳಾ ಬಿದ್ದು ಸಾಯತೈತಿ. ಬಿಟ್ಟು ಹೋಗೂದು 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯೊಳಗ ಅಪರಾಧನೂ ಹೌದು.

ನಸುಕಿನ ಓಟ

ಡಾಕ್ಟರ್ ಮೇಡಂ, ಒಂದು ಕೇಳೂದಿತ್ರಿ. ಮೈದಾನಕ್ಕ ಹೋಗೋ ಅಡ್ಡರಸ್ತ್ಯಾಗ, ಅರ್ಧ ಕಟ್ಟಿದ ಮನಿ ಹತ್ರ, ಕಂದು ಬಣ್ಣದ ಹೆಣ್ಣು ನಾಯಿ ಐತಿ. ಕಿವಿ ಗುರುತಿಲ್ಲ, ಹೊಟ್ಟಿ ಇಳದೈತಿ, ಮೊಲಿ ತುಂಬ್ಯಾವ. ಈಗ ಹಿಡಿಸಬೇಕೋ ಬ್ಯಾಡೋ?

ಪಶುವೈದ್ಯೆ

ಈಗ ಬೇಡ. ಮೊಲೆ ತುಂಬಿದ್ದರೆ ಒಂದು ವಾರದೊಳಗೆ ಈಯಬಹುದು. ಗರ್ಭ ಒಟ್ಟು 63 ದಿನದ ಆಸುಪಾಸು. ಜಾಗ ಒಣಗಿರಲಿ, ಎರಡು ಗೋಣಿ ಚೀಲ ಹಾಕಿ ದೂರ ಸರಿಯಿರಿ. ದಿನಕ್ಕೆ ಎರಡು ಹೊತ್ತು ಊಟ, ಪಕ್ಕದಲ್ಲಿ ನೀರು. ಮರಿಗಳನ್ನು ಎತ್ತಿ ಸೆಲ್ಫಿ ತೆಗೆಯಬೇಡಿ. ಎಂಥ ಸಾಧು ನಾಯಿಯೂ ಆ ದಿನಗಳಲ್ಲಿ 10-15 ಮೀಟರ್ ಒಳಗೆ ಓಡಿ ಬಂದವರನ್ನು ಬಿಡುವುದಿಲ್ಲ. ಮರಿಗಳಿಗೆ 8 ವಾರ ತುಂಬಿ ಹಾಲು ಬತ್ತಿದ ಮೇಲೆ ತಾಯಿಯ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿ, ಅದೇ ವಾರ ಮರಿಗಳಿಗೆ ಮೊದಲ ಲಸಿಕೆ. ಅಲ್ಲಿಯತನಕ ನಿಮ್ಮ ಹುಡುಗರ ದಾರಿಯನ್ನು ಬದಲಿಸಿ.

ನಸುಕಿನ ಓಟ

ಆತ್ರಿ. ಅಡ್ಡರಸ್ತೆ ಬಿಟ್ಟು ದೊಡ್ಡ ರಸ್ತೆ ಹಿಡದು ಹೋಗ್ತೀವಿ, 300 ಮೀಟರ್ ಹೆಚ್ಚಾಗತೈತಿ ಅಷ್ಟ. ಪಿಜಿ ಗೇಟಿಗೆ, ರನ್ನಿಂಗ್ ಗ್ರೂಪಿಗೆ ಇವತ್ತ ಹಾಕತೀನಿ: "ಅರ್ಧ ಕಟ್ಟಿದ ಮನಿ ಹತ್ರ ನಾಯಿ ಈಯೂದೈತಿ, ಎರಡೂವರಿ ತಿಂಗಳ ಆ ಕಡೆ ಓಡಬ್ಯಾಡ್ರಿ." ಗೋಣಿ ಚೀಲ ಖಾನಾವಳಿ ಅಕ್ಕಾರ ಕಡೆ ಇದ್ರ ಸಂಜಿಕ ಬಂದು ಒಯ್ತೀನ್ರಿ.

ಖಾನಾವಳಿ ಅಕ್ಕ

ನಾಲ್ಕು ಅದಾವ, ಒಣಗಿದ್ದು. 6ರ ಮ್ಯಾಲೆ ಬಾರಪಾ, ಮೊಟ್ಟಿ ಬೇಯಿಸಿದ ಅನ್ನಾನೂ ಕಟ್ಟಿರ್ತೀನಿ, ಉಪ್ಪಿಲ್ಲದ್ದು.